ಮಣಿಕಟ್ಟಿನ ಪಾಲು

ಹಿರೇಕಣಿವೆಯ ಜನ ಕಾವಲು ಪಾಲನ್ನು ಒಮ್ಮೆ ಬೇಡವೆಂದು ತಳ್ಳಿಹಾಕಿದ್ದರು. ಊರಿನ ಗಾರ್ಮೆಂಟ್ಸು, ನೂಲಿನ ಗಿರಣಿ, ಗೋದಾಮು, ಬ್ಯಾಂಕು, ಎಲ್ಲೆಲ್ಲಿ ತಿಂಗಳ ಸಂಬಳ ಬಟವಾಡೆಯಾಗುತ್ತದೋ ಅಲ್ಲೆಲ್ಲ ಸಂಬಳದಿಂದ ಒಂದು ಸಣ್ಣ ಪಾಲು ಮುರಿದುಕೊಳ್ಳುವುದು, ಅದರಿಂದ ಊರಿನ ಅಗ್ನಿಶಾಮಕ ಠಾಣೆ, ಆಂಬುಲೆನ್ಸು, ರಕ್ಷಣಾ ದಳಗಳನ್ನು ನಡೆಸುವುದು ಎಂದು ನಗರಸಭೆ ಯೋಚಿಸಿತ್ತು. ಇಂಥ ತೆರಿಗೆಗೆ ಮುಂಚೆ ದುಡಿಯುವವರ ಮತ ಕೇಳಬೇಕೆಂಬ ಕಾನೂನು ಆಗ ಹೊಸದು. ಕೇಳಿದಾಗ ಜನ ಹೇಳಿದ್ದು ಒಂದೇ ಮಾತು: ನಮ್ಮ ಮನೆಗೆ ಯಾವತ್ತು ಬೆಂಕಿ ಬಿದ್ದಿದೆ? ಮತದಲ್ಲಿ ಯೋಜನೆ ಸೋತಿತು. ವರ್ಷ ತಿರುಗುವುದರೊಳಗೆ ಎರಡು ಠಾಣೆಗಳಿಗೆ ಬೀಗ ಬಿತ್ತು. ಕೆಟ್ಟ ಆಂಬುಲೆನ್ಸುಗಳು ರಿಪೇರಿ ಕಾಣದೆ ಆವರಣದಲ್ಲೇ ತುಕ್ಕು ಹಿಡಿದವು.

ಆಗ ಬಂದವರು ಡಾ. ಸಮರ್ಥ ಹಾವನೂರ. ದೇಹದ ಸಂಕೇತಗಳನ್ನು ದೂರಕ್ಕೆ ಕಳಿಸುವ ವಿದ್ಯೆಯಲ್ಲಿ ಹೆಸರು ಮಾಡಿದ್ದ ಅವರು ನಗರಸಭೆಯವರ ಮುಂದೆ ಒಂದು ಕಡಗ ಇಟ್ಟರು. "ಕಣ್ಣಿಗೆ ಕಾಣದ್ದಕ್ಕೆ ಜನ ಕೊಡೋದಿಲ್ಲ. ಕೈಗೆ ತಾಗಿದರೆ ಕೊಡ್ತಾರೆ" ಎಂದರು.

ಆಂಬುಲೆನ್ಸಿನವರು ರೋಗಿಯ ಎದೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಅದು ಹೃದಯದ ಬಡಿತವನ್ನು ಹಿಡಿಯುತ್ತದೆ. ಆ ರಕ್ಷಣೆಯ ಖರ್ಚನ್ನು ಯಾರ ಪಾಲಿಗೆ ಹಾಕಬೇಕೆಂದು ಕಂಪ್ಯೂಟರು ಆರಿಸಿ, ಆ ಬಡಿತವನ್ನು ಅವರ ಕಡಗಕ್ಕೆ ಕಳಿಸುತ್ತದೆ. ಕಡಗದ ಒಳಮೈಯಲ್ಲಿ ಹೆಸರುಕಾಳಿನಷ್ಟು ಒಂದು ಉಬ್ಬು, ಅದು ಮಿಡಿಯತೊಡಗುತ್ತದೆ. ಊರಿನಲ್ಲೆಲ್ಲೋ ಇರುವ, ಹೆಸರೂ ಗೊತ್ತಿಲ್ಲದ ಒಬ್ಬರ ಎದೆ ನಿಮ್ಮ ಮಣಿಕಟ್ಟಿನಲ್ಲಿ ಬಡಿದುಕೊಳ್ಳುತ್ತದೆ. ಎದೆಯ ಮೇಲೆ ಪಟ್ಟಿ ಇರುವ ತನಕ, ಅಂದರೆ ರೋಗಿ ಪೂರ್ತಿ ಚೇತರಿಸಿಕೊಳ್ಳುವ ತನಕ ಆ ಬಡಿತ ಇರುತ್ತದೆ. ಎರಡನೇ ಸಲ ಮತ ಕೇಳುವ ಮುಂಚೆ, ಕೈಗಾರಿಕಾ ವಲಯದಲ್ಲಿ ಒಪ್ಪಿದವರ ಸಂಬಳದಿಂದ ಪಾಲು ಹಿಡಿದು ಅವರಿಗೆ ಕಡಗ ತೊಡಿಸಿ ನೋಡುವುದೆಂದು ತೀರ್ಮಾನವಾಯಿತು.

ಜನ ಅದಕ್ಕೆ ಬಲುಬೇಗ ಹೊಂದಿಕೊಂಡರು. ಚಹಾದಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಕೈಯೊಡ್ಡಿ "ನಂದು ಹಾವು ಕಚ್ಚಿದ್ದು ಕಣೋ, ಇವತ್ತು ಪರವಾಗಿಲ್ಲ" ಎಂದು ಹೇಳುವುದು ಮಾಮೂಲಾಯಿತು. ತಡೆಯಲಾರದೆ ಒಂದೇ ದಿನಕ್ಕೆ ಬಿಚ್ಚಿಟ್ಟವರೂ ಇದ್ದರು.

ಸಿಂಚನಾಳಿಗೆ ಈ ಕಡಗದ ಬಗ್ಗೆ ಹೇಳಿಕೊಳ್ಳುವಂಥ ಅಭಿಪ್ರಾಯವೇನೂ ಇರಲಿಲ್ಲ. ಅವಳು ತುರ್ತು ನಿಯಂತ್ರಣ ಕೊಠಡಿಯಲ್ಲಿ ಕರೆ ತೆಗೆದುಕೊಂಡು ಗಾಡಿ ಕಳಿಸುವವಳು. ಮತ ಇನ್ನೊಮ್ಮೆ ಸೋತರೆ ಕೊಠಡಿ ಮುಚ್ಚುತ್ತದೆ, ತನ್ನ ಕೆಲಸ ಹೋಗುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಆ ಮಧ್ಯಾಹ್ನ ಬಂದ ಕರೆಯಲ್ಲಿ ಒಬ್ಬ ಹುಡುಗಿ ಏದುಸಿರು ಬಿಡುತ್ತಿದ್ದಳು.

"ಮೇಡಂ, ಗಿರಣಿ ಗೇಟಿನ ಎದುರಿಗೆ ಮಂಡಕ್ಕಿ ಅಂಗಡಿ ಐತಲ್ಲ, ಆ ಅಂಗಡಿ ಅಣ್ಣ ಎದೆ ಹಿಡ್ಕಂಡು ಬಿದ್ದುಬಿಟ್ರು."

ಗಿರಣಿ ಗೇಟಿನ ಎದುರಿಗೆ ಇದ್ದದ್ದು ಒಂದೇ ಮಂಡಕ್ಕಿ ಅಂಗಡಿ. ಅದು ಸಿಂಚನಾಳ ಗಂಡ ಲೋಹಿತ್‌ನದು.

"ಉಸಿರಾಡ್ತಿದಾರಾ ನೋಡಿ" ಎಂದಳು ಸಿಂಚನಾ. ಅವಳ ದನಿ ಎಂದಿನಂತೆಯೇ ಇತ್ತು. ಕೈ ತಾನಾಗಿಯೇ ಹತ್ತಿರದ ಗಾಡಿಯನ್ನು ಆರಿಸಿ ಕಳಿಸಿತ್ತು. "ಎದೆ ಮಧ್ಯದಲ್ಲಿ ಎರಡೂ ಅಂಗೈ ಇಟ್ಟು ಒತ್ತಿ. ಜೋರಾಗಿ. ನಿಲ್ಲಿಸಬೇಡಿ. ನಾನು ಎಣಿಸ್ತೀನಿ, ನೀವು ಒತ್ತಿ."

ಅವಳು ಎಣಿಸಿದಳು. ಪಕ್ಕದ ಕುರ್ಚಿಯ ಇಮ್ತಿಯಾಜ್ ಪರದೆಯ ಮೇಲಿನ ವಿಳಾಸ ನೋಡಿದವನೇ ಎದ್ದು ನಿಂತ. "ನೀವು ಹೋಗಿ ಮೇಡಂ, ನಾನು ತಗೋತೀನಿ" ಎಂದ. ಅವಳು ತಲೆಯಾಡಿಸಿ ಬೇಡವೆಂದಳು. ಫೋನಿನ ಆ ಕಡೆ ಇದ್ದವಳು ತನ್ನ ಎಣಿಕೆಗೆ ಒತ್ತುತ್ತಿದ್ದಾಳೆ, ಈಗ ದನಿ ಬದಲಾದರೆ ಕೈ ತಪ್ಪೀತು. ಪರದೆಯ ಮೇಲೆ ಹಸಿರು ಚುಕ್ಕೆಯೊಂದು ಗಿರಣಿ ರಸ್ತೆಯಲ್ಲಿ ತೆವಳುತ್ತಿತ್ತು. ಗಾಡಿ ಬಂತು ಎಂದು ಹುಡುಗಿ ಹೇಳಿದ ಮೇಲೆ ಸಿಂಚನಾ ಹೆಡ್‌ಫೋನ್ ತೆಗೆದಿಟ್ಟಳು. ಇಮ್ತಿಯಾಜ್ ಒಬ್ಬನ ಮೇಲೆ ಕೊಠಡಿ ಬಿಟ್ಟು ಏಳುವಂತಿರಲಿಲ್ಲ. ಪಾಳಿ ಬಿಡಿಸುವವರು ಬರುವ ತನಕ ಅವಳು ಮೂರು ನಾಲ್ಕು ಬೇರೆ ಕರೆಗಳನ್ನೂ ತೆಗೆದುಕೊಂಡಳು. ಅವುಗಳಲ್ಲಿ ಏನು ಹೇಳಿದಳೆಂದು ಆಮೇಲೆ ಅವಳಿಗೆ ನೆನಪಾಗಲಿಲ್ಲ.

ಆಸ್ಪತ್ರೆ ತಲುಪಿದಾಗ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಸಿಂಚನಾಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಾರ್ಮೆಂಟ್ಸಿನ ನೀಲಿ ಕೋಟು ಇನ್ನೂ ಮೈಮೇಲಿತ್ತು. ಎಡ ಮಣಿಕಟ್ಟನ್ನು ಬಲಗೈಯಿಂದ, ಹಕ್ಕಿಮರಿ ಹಿಡಿದ ಹಾಗೆ ಹಿಡಿದುಕೊಂಡಿದ್ದಳು.

"ಲೋಹಿತ್ ಅವರ ಮನೆಯವರಾ?" ಎಂದಳು. "ಗಾಬರಿಯಾಗ್ಬೇಡಿ ಅಕ್ಕ. ಈಗ ನಿದ್ದೆ ಹತ್ತಿದೆ ಅವರಿಗೆ."

ಸಿಂಚನಾ ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿತ್ತು, ಗಾಜಿಗೆ ಒಳಗಿನಿಂದ ಪರದೆ ಎಳೆದಿತ್ತು.

"ನಿಮಗೆ ಹೇಗೆ ಗೊತ್ತು?"

ಅವಳು ಕೈ ಮುಂದೆ ಚಾಚಿದಳು. ಕಡಗ ಕಂಡಿತು. "ನನ್ನ ಹೆಸರು ಮಧುಶ್ರೀ. ಲೈನ್ ಸೂಪರ್‌ವೈಸರ್. ಗಿರಣಿ ಗೇಟಿನ ಎದುರು ಬಿದ್ದದ್ದು ಇವರೇ ಅಂತ ಹುಡುಗಿಯರು ಹೇಳಿದ ಮೇಲೆ ಓಡಿ ಬಂದೆ. ಊಟ ಮುಗಿಸಿ ಮಿಷನ್ ಶುರು ಮಾಡಿಸ್ತಿದ್ದೆ, ಆಗ ಬಂತು ಅಕ್ಕ. ಮೊದಲು ಬರೀ ಅದುರೋದು. ಆಮೇಲೆ ನಿಂತೇ ಹೋಯ್ತು. ಸದ್ದಿಗೆ ಗೊತ್ತಾಗ್ತಿಲ್ವೇನೋ ಅಂತ ಲೈನಿನ ಮಿಷನ್ನೆಲ್ಲ ಆಫ್ ಮಾಡಿಸ್ಬಿಟ್ಟೆ. ಎಲ್ಲಾರೂ ಸುಮ್ನೆ ನಿಂತ್ಕೊಂಡ್ವಿ. ಆಮೇಲೆ ಒಂದು ಬಡೀತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು." ಅವಳ ಕಣ್ಣು ತುಂಬಿತು. "ಅಷ್ಟು ಹೊತ್ತು ನಾನೂ ಉಸಿರಾಡಿರಲಿಲ್ಲ ಅನ್ಸುತ್ತೆ."

ತಾನು ಕುರ್ಚಿಯಲ್ಲಿ ಕೂತು ಇನ್ಯಾರದೋ ಮನೆಯ ಕರೆ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಲೋಹಿತ್‌ನ ಎದೆ ನಿಂತು ಮತ್ತೆ ಹೊಡೆದುಕೊಂಡಿದೆ ಎಂಬುದು ಸಿಂಚನಾಳಿಗೆ ತಿಳಿದದ್ದು ಹೀಗೆ. ವೈದ್ಯರು ಆಮೇಲೆ ಬಂದು ಅದನ್ನೇ ಹೇಳಿದರು. ಆಗ ಅವಳಿಗೆ ಅದು ಹಳೆಯ ಸುದ್ದಿಯಾಗಿತ್ತು. ಬದುಕಿದ್ದಾನೆ ಎಂದು ಹಗುರಾಗಬೇಕಿದ್ದ ಎದೆಯ ಒಂದು ಮೂಲೆಯಲ್ಲಿ ಮುಳ್ಳು ನೆಟ್ಟಂತಾಯಿತು. ಅಂಥ ಹೊತ್ತಿನಲ್ಲಿ ಇದೆಂಥ ಯೋಚನೆ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಗಿ, ಮಧುಶ್ರೀಯ ಕೈ ಹಿಡಿದು "ತುಂಬಾ ಉಪಕಾರ ಆಯ್ತು" ಎಂದಳು. ಕಡಗ ಅವಳ ಬೆರಳಿಗೆ ತಾಗಲಿಲ್ಲ. ಮಧುಶ್ರೀ ಆ ಕೈಯನ್ನು ಕೊಟ್ಟಿರಲಿಲ್ಲ.

ಲೋಹಿತ್ ಮನೆಗೆ ಬಂದ ವಾರ ಮಧುಶ್ರೀ ಮೋಸಂಬಿ ಹಣ್ಣು ಹಿಡಿದು ಬಂದಳು. ಅತ್ತೆ ಮಂಜುಳಮ್ಮ ಬಾಗಿಲಲ್ಲೇ ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಒಳಗೆ ಕರೆದು ಕುಂಕುಮ ಕೊಟ್ಟು, ಪೆಟ್ಟಿಗೆಯಿಂದ ಒಳ್ಳೆಯ ಕುಬುಸದ ಕಣ ತೆಗೆದು ಮಡಿಲಿಗಿಟ್ಟರು.

ಅಂಗಡಿಗೆ ಬರುವ ಗಾರ್ಮೆಂಟ್ಸ್ ಹುಡುಗಿಯರೆಲ್ಲ ಲೋಹಿತ್‌ನನ್ನು ಅಣ್ಣ ಎಂದೇ ಕರೆಯುವುದು. ಮಧುಶ್ರೀ ಹಾಗೆ ಕರೆಯಲಿಲ್ಲ. ಹೆಸರು ಹಿಡಿದು "ಲೋಹಿತ್ ಅವರೇ, ಈಗ ಹೇಗಿದೀರಿ?" ಎಂದಳು. ಸಿಂಚನಾ ಚಹಾದ ಲೋಟ ಕೊಡುತ್ತ ಇಬ್ಬರ ಮುಖವನ್ನೂ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಇದ್ದರೆ ಅದು ಎದೆಯಲ್ಲಿ ಇದ್ದೀತು. ಮಧುಶ್ರೀ ಬಂದು ಎದುರು ಕೂತಾಗ ಲೋಹಿತ್‌ನ ಎದೆ ಹೇಗೆ ಓಡುತ್ತದೆ ಎಂಬುದು ಈ ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತು. ಅದನ್ನು ಅವಳು ಹೇಳಬೇಕಾಗಿಲ್ಲ, ಇವಳು ಕೇಳುವ ಹಾಗಿಲ್ಲ.

"ಒಳ್ಳೆ ಹೆಣ್ಣುಮಗಳು" ಎಂದರು ಅತ್ತೆ, ಅವಳು ಹೋದ ಮೇಲೆ. "ಒಂಟಿ ಇದಾಳಂತೆ ಪಾಪ. ತಾಯಿ ಹೋದ ಮೇಲೆ ಯಾರೂ ಇಲ್ವಂತೆ."

"ಗಾಡಿ ಕಳಿಸಿದ್ದು ನಾನು ಅತ್ತೆ" ಎಂದುಬಿಟ್ಟಳು ಸಿಂಚನಾ. ಆಡಿದ ಮೇಲೆ ನಾಚಿಕೆಯಾಯಿತು.

"ಯಾರಿಲ್ಲ ಅಂದ್ರು? ನೀನು ಸಂಬಳಕ್ಕೆ ಮಾಡೋ ಕೆಲಸ ಅದು. ಆಕೆ ತನ್ನ ಸಂಬಳ ಕೊಟ್ಟು ಉಳಿಸ್ಕೊಂಡಾಳೆ." ಮಂಜುಳಮ್ಮ ನೋಯಿಸಬೇಕೆಂದು ಹೇಳಿದ್ದಲ್ಲ. ಮೋಸಂಬಿ ಸುಲಿಯುತ್ತ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ಅಲ್ಲಿಂದ ಮುಂದೆ ಮನೆಯಲ್ಲಿ ಫೋನು ಹೊಡೆದುಕೊಂಡರೆ ಸಿಂಚನಾಳ ಕಿವಿ ನೆಟ್ಟಗಾಗುತ್ತಿತ್ತು. ಲೋಹಿತ್ ಮಹಡಿಯ ಮೆಟ್ಟಿಲು ಹತ್ತಿದರೆ ಮಧುಶ್ರೀಯ ಫೋನು: ಎದೆ ಓಡ್ತಿದೆ, ಮೆಟ್ಟಿಲಾದ್ರೆ ನಿಧಾನ ಹತ್ತಿ. ಕ್ರಿಕೆಟ್ ನೋಡುತ್ತ ಕೂತರೆ ಫೋನು: ಮ್ಯಾಚ್ ನೋಡ್ತಿರ್ಬೇಕು, ಟಿವಿ ಆಫ್ ಮಾಡಿ, ಏನಾದ್ರೂ ಓದಿ. ಅವನು ನಗುತ್ತಿದ್ದ. "ಕಾವಲು ಅಂದ್ರೆ ಇದು ನೋಡು" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅಂಗಡಿ ತೆಗೆಯುವ ವಿಷಯಕ್ಕೆ ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆಯಿತು. ಇನ್ನೂ ಸ್ವಲ್ಪ ದಿನ ತಡೆಯಿರಿ ಎಂದು ಅವಳು. ಗಿರಾಕಿ ಎಲ್ಲ ಪಕ್ಕದ ಬೀದಿಗೆ ಹೋಗುತ್ತಾರೆಂದು ಅವನು. ಅವನ ದನಿ ಏರಿದ್ದೇ ತಡ, ಫೋನು ಬಂತು. ಲೋಹಿತ್ ಎತ್ತಿಕೊಂಡು, "ಏನಿಲ್ಲ ಏನಿಲ್ಲ, ಮನೇಲಿ ಸಣ್ಣ ಮಾತುಕತೆ ಅಷ್ಟೆ" ಎಂದ. ಆ ಕಡೆಯವಳು ಏನು ಹೇಳಿದಳೋ, ಇವನ ಭುಜ ಇಳಿಯಿತು, ಮುಖ ತಿಳಿಯಾಯಿತು.

"ನಮ್ಮನೆ ವಿಷಯ ಅವಳಿಗ್ಯಾಕೆ ಹೇಳ್ಬೇಕಿತ್ತು?"

"ನಾನೆಲ್ಲಿ ಹೇಳ್ದೆ? ಗೊತ್ತಾಗಿದ್ದಕ್ಕೇ ಫೋನ್ ಮಾಡಿದ್ದು ಅವರು."

ಸಿಂಚನಾ ಅರ್ಧ ತಾಸು ಜಗಳವಾಡಿಯೂ ಇಳಿಸಲಾಗದ್ದನ್ನು ಒಂದು ಫೋನು ಇಳಿಸಿತ್ತು.

ರಜೆಯ ದಿನ ಮಧ್ಯಾಹ್ನ ಊಟ ಮಾಡಿ ಅವನು ಮಲಗಿದ್ದಾಗ ಸಿಂಚನಾ ಪಕ್ಕದಲ್ಲಿ ಒರಗಿ ಅವನೆದೆಗೆ ಕಿವಿಯಿಟ್ಟಳು. ಕೆನ್ನೆಗೆ ಪಟ್ಟಿಯ ಅಂಚು ತಣ್ಣಗೆ ತಾಗಿತು. ಒಳಗೆ ಬಡಿತ ನಿಧಾನವಾಗಿತ್ತು. ಎಚ್ಚರಾಗಿ ಅವನು ಅವಳ ತಲೆಯ ಮೇಲೆ ಕೈಯಾಡಿಸಿದ. ಬಡಿತ ಸ್ವಲ್ಪ ಚುರುಕಾಯಿತು. ಎಷ್ಟೋ ದಿನದ ಮೇಲೆ ಅವಳಿಗೆ ಹಾಯೆನಿಸಿತು. ಆದರೆ ಮರುಗಳಿಗೆಯೇ, ಈ ಚುರುಕು ಈಗ ಕಾರ್ಮಿಕರ ಕಾಲೊನಿಯ ಯಾವುದೋ ಕೋಣೆಯಲ್ಲಿ ಇನ್ನೊಬ್ಬಳ ಮಣಿಕಟ್ಟಿನಲ್ಲೂ ಆಗುತ್ತಿದೆ, ಅವಳು ಫೋನು ಎತ್ತಲೋ ಬೇಡವೋ ಎಂದು ಯೋಚಿಸುತ್ತಿದ್ದಾಳೆ ಎನಿಸಿತು. ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಫೋನು ಬರಲಿಲ್ಲ. ಬಾರದೆ ಇದ್ದದ್ದು ಇನ್ನೂ ಸಂಕಟವಾಯಿತು. ಮಧುಶ್ರೀಗೆ ಅರ್ಥವಾಗಿದೆ, ಅದಕ್ಕೇ ಮಾಡಲಿಲ್ಲ.

ಮಾರನೆಯ ದಿನ ಪಾಳಿ ಮುಗಿಸಿ ಅವಳು ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಹೋದಳು. ಡಾ. ಸಮರ್ಥ ಒಂದು ಕಡಗ ಬಿಚ್ಚಿ ಒಳಗಿನ ತಂತಿಗಳನ್ನು ನೋಡುತ್ತಿದ್ದರು. ಎದ್ದು ಕುರ್ಚಿ ಕೊಟ್ಟರು.

"ನಮ್ಮೆಜಮಾನರ ಬಡಿತ ನನ್ನ ಕೈಗೆ ಬರೋ ಹಾಗೆ ಮಾಡಿಕೊಡಿ ಸಾರ್."

ಸಮರ್ಥರು ಕನ್ನಡಕ ತೆಗೆದರು. "ನಮ್ಮ ಸಿಬ್ಬಂದಿಗೆ ಪಾಲಿನಿಂದ ವಿನಾಯಿತಿ ಕೊಟ್ಟಿದೀವಲ್ಲ ಮೇಡಂ. ಪಾಲು ಕೊಡದವರಿಗೆ ಕಡಗ ಇಲ್ಲ."

"ಹಾಗಾದ್ರೆ ನನ್ನ ಸಂಬಳದಿಂದಲೂ ಮುರೀರಿ."

"ಮುರಿದರೂ ಅವರದ್ದೇ ನಿಮಗೆ ಬರೋದಿಲ್ಲ. ಯಾರದು ಯಾರಿಗೆ ಅಂತ ಚೀಟಿ ಎತ್ತಿದ ಹಾಗೆ ಅದು. ನಮ್ಮನೆಯವರಿಗೆ ಮಾತ್ರ ಕೊಡ್ತೀವಿ ಅಂದ್ರೆ ಆಮೇಲೆ ಊರಿಗೆ ಯಾರು ಕೊಡ್ತಾರೆ? ಗುರುತಿಲ್ಲದವರಿಗೆ ಕೊಡೋದನ್ನ ಕಲಿಸೋಕೇ ಇಷ್ಟೆಲ್ಲ ಮಾಡಿದ್ದು."

"ಅವರಿಗೆ ಹೋಗೋದನ್ನಾದ್ರೂ ನಿಲ್ಲಿಸಬಹುದಾ?"

"ಮಧುಶ್ರೀ ಅವರು ಕಡಗ ಬಿಚ್ಚಿಟ್ರೆ ನಿಲ್ಲುತ್ತೆ. ಇಲ್ಲ, ಲೋಹಿತ್ ಅವರು ಬೇಡ ಅಂದ್ರೆ." ಸಮರ್ಥರು ತಡೆದು ಕೇಳಿದರು: "ಅವರನ್ನ ಕೇಳಿದೀರಾ?"

ಸಿಂಚನಾ ಕೇಳಿರಲಿಲ್ಲ. ಅವನು ಇರಲಿ ಬಿಡು ಎಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಆ ಮಾತು ಎಷ್ಟೋ ಸಲ ಬಾಯಿತನಕ ಬಂದು ಹಿಂದೆ ಹೋಗಿತ್ತು. ಸಮರ್ಥರು ಅಷ್ಟಕ್ಕೇ ಬಿಟ್ಟು ತಮ್ಮ ಕೋರಿಕೆ ಮುಂದಿಟ್ಟರು. ಮತಕ್ಕೆ ಮುಂಚೆ ಪುರಭವನದಲ್ಲಿ ದೊಡ್ಡ ಸಭೆಯಿದೆ. ಲೋಹಿತ್, ಮಧುಶ್ರೀ, ಜೊತೆಗೆ ಗಾಡಿ ಕಳಿಸಿದ ಸಿಂಚನಾ, ಮೂವರೂ ವೇದಿಕೆಗೆ ಬಂದರೆ ಬೇರೆ ಭಾಷಣವೇ ಬೇಡ.

"ಬರ್ತೀನಿ. ಮೊದಲು ನನ್ನ ಪಾಲು ಮುರಿದು ನನಗೂ ಕಡಗ ಕೊಡಿ."

ಯಾಕೆ ಹಾಗೆ ಪಟ್ಟು ಹಿಡಿದಳೆಂದು ಕೇಳಿದ್ದರೆ ಅವಳಲ್ಲಿ ಉತ್ತರ ಇರಲಿಲ್ಲ. ಮಧುಶ್ರೀಯ ಕೈಯಲ್ಲಿರುವಂಥದು ತನ್ನ ಕೈಯಲ್ಲೂ ಇರಲಿ ಎಂಬ ಹಟ, ಅಷ್ಟೆ.

ಕಡಗ ಬಂತು. ಮೊದಮೊದಲು ಅದು ಬರೀ ಕಡಗವಾಗಿಯೇ ಇತ್ತು. ಒಂದು ಬೆಳಿಗ್ಗೆ ಸಂತೆಪೇಟೆಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದಾಗ ಯಾರೋ ಬೆರಳಿನಿಂದ ತಟ್ಟಿದಂತಾಗಿ ಅವಳು ಹಿಂತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮತ್ತೆ ತಟ್ಟಿತು. ಆಮೇಲೆ ಬಿಡದೆ, ತೆಳ್ಳಗೆ, ಒಂದು ಹೆಜ್ಜೆ ಓಡಿ ಒಂದು ಹೆಜ್ಜೆ ಎಡವಿದ ಹಾಗೆ ಬಡಿಯತೊಡಗಿತು. ಅವಳ ಬಲಗೈ ತಾನಾಗಿಯೇ ಬಂದು ಮಣಿಕಟ್ಟನ್ನು ಹಿಡಿಯಿತು. ಹೆಣ್ಣೋ ಗಂಡೋ, ಮುದುಕರೋ ಮಗುವೋ ಗೊತ್ತಿಲ್ಲ. "ಬನ್ನಿ, ಬನ್ನಿ, ಸ್ವಲ್ಪ" ಎಂದು ಅವಳ ಬಾಯಿ ಪಿಸುಗುಡುತ್ತಿತ್ತು.

"ಅಕ್ಕ, ಸೊಪ್ಪು ಕಟ್ಟಲೇನು?" ಎಂದಳು ಸೊಪ್ಪಿನವಳು.

ಬಡಿತ ನಿಂತಿತು. ಸಿಂಚನಾ ಕಾದಳು. ಜನ ಅವಳನ್ನು ತಳ್ಳಿಕೊಂಡು ಹೋದರು. ಒಂದು ಬಡಿತ ಬಂತು, ಅವಳ ಮುಖ ಅರಳಿತು. ಅದಾದ ಮೇಲೆ ಏನೂ ಬರಲಿಲ್ಲ. ಸೊಪ್ಪು ಅಲ್ಲೇ ಬಿಟ್ಟು ಇಮ್ತಿಯಾಜ್‌ಗೆ ಫೋನು ಮಾಡಿದಳು. ಹಳೇ ಗೋದಾಮಿನ ಗೋಡೆ ಕುಸಿದಿದೆ ಎಂದ ಅವನು. ಬಣ್ಣ ಬಳಿಯಲು ಬಂದಿದ್ದ ತಿಪ್ಪೇಶಿ ಎಂಬಾತ ಅಡಿಯಲ್ಲಿ ಸಿಕ್ಕಿಕೊಂಡಿದ್ದ. ಗೋದಾಮಿನ ಪಕ್ಕದ ಠಾಣೆಗೆ ಬೀಗ ಬಿದ್ದಿತ್ತಲ್ಲ, ರಕ್ಷಣಾ ದಳ ಊರಿನ ಆ ತುದಿಯಿಂದ ಬರಬೇಕಾಯಿತು. ಹೊರಗೆ ತೆಗೆದು ಪಟ್ಟಿ ಅಂಟಿಸಿದಾಗ ಜೀವ ಇನ್ನೂ ಇತ್ತು.

ಶವಾಗಾರದ ಹೊರಗೆ ತಿಪ್ಪೇಶಿಯ ಹೆಂಡತಿ ನೆಲದ ಮೇಲೆ ಕೂತಿದ್ದಳು. ಸಿಂಚನಾ ಹತ್ತಿರ ಹೋದಾಗ ಅವಳು ಮುಖ ನೋಡಲಿಲ್ಲ, ಕೈಯನ್ನು ನೋಡಿದಳು. ಊರಿನಲ್ಲಿ ಆಗ ಎಲ್ಲರಿಗೂ ಕಡಗದ ಗುರುತಿತ್ತು.

"ನಾನು ಮನೇಲಿ ರೊಟ್ಟಿ ಬಡೀತಿದ್ದೆ" ಎಂದಳು. "ನಂಗೇನೂ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಾತಾ?"

"ಗೊತ್ತಾಯ್ತು."

"ಹಂಗಾರೆ ಕೊನೇಗೆ ನಿಮ್ಮತ್ರ ಇದ್ದ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಲ್ಲಿ ಇದ್ದದ್ದೇನೆಂದು ಸಿಂಚನಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ದಿನ ತನ್ನ ಮನೆಯಲ್ಲಿ, ಮೋಸಂಬಿ ತಂದವಳ ಮೇಲೆ ತಾನು ಬೀರಿದ ನೋಟ ಅದು.

"ಬಿಚ್ಚಿ ಕೊಡ್ರಿ ಅದನ್ನ."

ಸಿಂಚನಾ ಬಿಚ್ಚಿ ಕೊಟ್ಟಳು. ಆ ಹೆಣ್ಣುಮಗಳು ಅದನ್ನು ತೊಟ್ಟುಕೊಂಡು, ಕಿವಿಗೆ ಹಿಡಿದು, ಮತ್ತೆ ಕೈ ಮುಂದೆ ಚಾಚಿದಳು. "ಎಲ್ಲಿ ಬಡೀತಿತ್ತು?" ಸಿಂಚನಾ ಕೂತು, ಅವಳ ಮಣಿಕಟ್ಟಿನ ಒಳಬದಿಗೆ ಬೆರಳಿಟ್ಟು ತೋರಿಸಿದಳು.

ಪುರಭವನದ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೋಹಿತ್ ಮಾತಾಡಿದ, ಚಪ್ಪಾಳೆ ಬಿತ್ತು. ಮಧುಶ್ರೀ ಮಿಷನ್ನುಗಳನ್ನೆಲ್ಲ ನಿಲ್ಲಿಸಿದ್ದನ್ನು ಹೇಳಿದಾಗ ಗಾರ್ಮೆಂಟ್ಸಿನ ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಸಿಂಚನಾ ಎದ್ದಳು. ಮೈಕಿನ ಮುಂದೆ ನಿಂತು ಅವಳಿಗೆ ಮಾತಾಡಿ ಅಭ್ಯಾಸವಿರಲಿಲ್ಲ. ಕರೆ ತೆಗೆದುಕೊಳ್ಳುವ ದನಿಯಲ್ಲೇ ಹೇಳಿದಳು:

"ಗಾಡಿ ಹತ್ತಿರ ಇತ್ತು, ನಮ್ಮನೆಯವರು ಉಳಿದರು. ಹಳೇ ಗೋದಾಮಿನ ಹತ್ತಿರ ಠಾಣೆಗೆ ಬೀಗ ಬಿದ್ದಿತ್ತು, ತಿಪ್ಪೇಶಿ ಅವರು ಉಳೀಲಿಲ್ಲ. ಅದಕ್ಕೆ ಪಾಲು ಕೊಡಿ. ನನ್ನ ಸಂಬಳದಿಂದಲೂ ಮುರಿದಿದಾರೆ, ಮುಂದೆಯೂ ಮುರೀಲಿ. ಆದ್ರೆ ಈ ಬಡಿತ ಯಾರಿಗೂ ಕೊಡಬೇಡಿ. ಬದುಕಿದ್ರೂ ಸತ್ರೂ ಅದು ಅವರ ಮನೆಯವರಿಗೆ ಸೇರಿದ್ದು."

ಸಭೆಯಲ್ಲಿ ಗುಜುಗುಜು ಎದ್ದಿತು. ಸಮರ್ಥರು ತಲೆ ತಗ್ಗಿಸಿ ಕೂತಿದ್ದರು. ಲೋಹಿತ್ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಮಧುಶ್ರೀ ಮಾತ್ರ ಸೆರಗಿನ ತುದಿಯಿಂದ ಮಣಿಕಟ್ಟು ಮುಚ್ಚಿಕೊಂಡಳು.

ಹೊರಗೆ ಮೆಟ್ಟಿಲ ಹತ್ತಿರ ಅವಳು ಸಿಂಚನಾಳನ್ನು ತಡೆದು ನಿಲ್ಲಿಸಿದಳು. "ನನ್ನ ಮೇಲಿನ ಸಿಟ್ಟಿಗೇ ಹೀಗಂದ್ರಾ ಅಕ್ಕ?"

"ಅದೂ ಹೌದು" ಎಂದಳು ಸಿಂಚನಾ. "ತಿಪ್ಪೇಶಿ ಅವರ ಹೆಂಡ್ತಿನ ನೋಡಿ ಬಂದಿದ್ದೂ ಹೌದು. ಯಾವುದು ಎಷ್ಟು ಅಂತ ನಂಗೂ ಗೊತ್ತಾಗ್ತಿಲ್ಲ."

"ಸಿಟ್ಟು ಬರೋ ಅಂಥದ್ದು ನಾನೇನೂ ಮಾಡಿಲ್ಲ."

"ಮಾಡಿಲ್ಲ. ಗೊತ್ತು ನಂಗೆ." ಹಾಗೆಂದರೂ ಅವಳ ದನಿ ಮೆತ್ತಗಾಗಲಿಲ್ಲ.

ಸಿಂಚನಾ ಸಭೆಯಲ್ಲಿ ಆಡಿದ ಮಾತು ಊರೆಲ್ಲ ಹಬ್ಬಿತು. ನಗರಸಭೆ ಮತವನ್ನು ಎರಡು ಪ್ರಶ್ನೆಯಾಗಿ ಒಡೆಯಿತು: ಪಾಲು ಬೇಕೆ, ಬಡಿತ ಬೇಕೆ. ಪಾಲು ಕೂದಲೆಳೆಯಲ್ಲಿ ಗೆದ್ದಿತು. ಬಡಿತ ಸೋತಿತು. ಹಳೇ ಗೋದಾಮಿನ ಪಕ್ಕದ ಠಾಣೆಯ ಬೀಗ ತೆಗೆದು, ಅಂಗಳ ತೊಳೆದು, ಹೊಸ ಗಾಡಿ ತಂದು ನಿಲ್ಲಿಸಿದರು. ನಿಯಂತ್ರಣ ಕೊಠಡಿಗೆ ಇನ್ನಿಬ್ಬರು ಬಂದರು. ಕಡಗಗಳನ್ನೆಲ್ಲ ವಾಪಸು ಪಡೆದರು. ತಿಪ್ಪೇಶಿಯ ಹೆಂಡತಿಯ ಹತ್ತಿರ ಇದ್ದದ್ದನ್ನು ಮಾತ್ರ ಸಮರ್ಥರು ಕೇಳಿ ಕಳಿಸಲಿಲ್ಲ.

ಲೋಹಿತ್‌ನ ಎದೆಯ ಪಟ್ಟಿ ತೆಗೆದರು, ಅಂಗಡಿ ಮತ್ತೆ ಶುರುವಾಯಿತು. ವಾರದ ರಜೆಯಿದ್ದ ದಿನ ಸಂಜೆ ಹೊತ್ತು ಸಿಂಚನಾ ಹೋಗಿ ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ಅಂಥ ಒಂದು ಸಂಜೆ ಗಾರ್ಮೆಂಟ್ಸ್ ಬಿಟ್ಟ ಗುಂಪೆಲ್ಲ ಕರಗಿದ ಮೇಲೆ ಮಧುಶ್ರೀ ಬಂದಳು. ಮಂಡಕ್ಕಿ ಕೇಳಿ, ನಿಂತೇ ತಿಂದಳು. ಕಡಗ ಇದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಕೈ ತೊಳೆದುಕೊಂಡು ಬಂದು, ಲೋಹಿತ್ ಕಡೆ ನೋಡದೆ ಸಿಂಚನಾಳಿಗೆ ಹೇಳಿದಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ಆವತ್ತು ಕಡಗ ವಾಪಸು ಕೊಟ್ಟಾಗಿಂದ ನಿದ್ದೆ ಸರಿಯಿಲ್ಲ. ಒಂದೇ ಒಂದ್ಸಲ ಅವರ ಕೈ ಹಿಡಿದು ನೋಡ್ಲಾ? ನಾಡಿ ನೋಡ್ತಾರಲ್ಲ, ಹಾಗೆ."

ಬಾಣಲೆಯ ಮುಂದೆ ಜಾಲರಿ ಹಿಡಿದು ನಿಂತಿದ್ದ ಲೋಹಿತ್ ಹೆಂಡತಿಯ ಮುಖ ನೋಡಿದ. ಬೇಡ ಎಂಬ ಮಾತು ಸಿಂಚನಾಳ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಆಡಲು ಅವಳಿಗೆ ಪೂರ್ತಿ ಹಕ್ಕೂ ಇತ್ತು. ಈರುಳ್ಳಿಯ ತಟ್ಟೆ ಬದಿಗಿಟ್ಟು, "ನೋಡಿ" ಎಂದಳು.

ಲೋಹಿತ್ ಟವೆಲಿನಿಂದ ಕೈ ಒರೆಸಿಕೊಂಡು ಚಾಚಿದ. ಮಧುಶ್ರೀ ಎರಡು ಬೆರಳಿಟ್ಟು ಕಣ್ಣು ಮುಚ್ಚಿದಳು. ಮೊದಲು ತುಟಿಯಂಚಿನಲ್ಲಿ ನಗು ಬಂತು. ಸ್ವಲ್ಪ ಹೊತ್ತಿಗೆ ಅದು ಹೋಯಿತು. ಬೆರಳನ್ನು ಆಚೆ ಈಚೆ ಸರಿಸಿ ಹುಡುಕಿದಳು.

"ಇದಲ್ಲ" ಎಂದಳು ಮಧುಶ್ರೀ, ಕಣ್ಣು ಬಿಟ್ಟು.

"ಏನು ಇದಲ್ಲ?" ಎಂದ ಲೋಹಿತ್.

"ಇದು ಬೇರೆ ಥರ ಇದೆ. ನನ್ನತ್ರ ಇದ್ದದ್ದು..." ಅವಳು ತನ್ನ ಮಣಿಕಟ್ಟಿನ ಬಿಳಿಚಿದ ಜಾಗದ ಮೇಲೆ ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ತೋರಿಸಿದಳು. ಒಂದು ಬಡಿತ, ಯಾರೋ ಬಾಗಿಲ ಹೊರಗೆ ನಿಂತು ಅನುಮಾನಿಸಿದಂಥ ಒಂದು ತಡೆ, ಮತ್ತೆ ಒಂದು. "ಹೀಗಿತ್ತು." ಇನ್ನೂ ನಾಲ್ಕಾರು ಸಲ ತಟ್ಟಿಕೊಂಡು, ಇಬ್ಬರೂ ನೋಡುತ್ತಿದ್ದಾರೆಂದು ಅರಿವಾಗಿ ಕೈ ಕೆಳಗಿಳಿಸಿದಳು. "ಬರ್ತೀನಿ ಅಕ್ಕ" ಎಂದು ಬಸ್ ಸ್ಟಾಪಿನ ಕಡೆ ನಡೆದಳು.

ಅವಳು ತಿರುವು ದಾಟುವ ತನಕ ಕಾದು ಸಿಂಚನಾ ಗಂಡನ ಕೈ ಎಳೆದುಕೊಂಡಳು. ಮಧುಶ್ರೀ ಬೆರಳಿಟ್ಟ ಕಡೆಯೇ ಬೆರಳಿಟ್ಟಳು. ನಾಡಿ ಸಿಕ್ಕಿತು. ಅದು ಎಲ್ಲರ ನಾಡಿಯ ಹಾಗೆ ಬಡಿಯುತ್ತಿತ್ತು. ಎದೆ ವಾಸಿಯಾದ ಮೇಲೆ ಆ ತಡೆ ಅದರಲ್ಲಿ ಉಳಿದಿರಲಿಲ್ಲ. ಕಡಗ ಹೋದ ಮೇಲೆ ಹೊಟ್ಟೆಕಿಚ್ಚು ಪಡಲು ಇನ್ನೇನೂ ಉಳಿಯುವುದಿಲ್ಲವೆಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಲೋಹಿತ್‌ನದೇ ಆದರೂ ಲೋಹಿತ್‌ನ ಮೈಯಲ್ಲಿ ಸಿಗದ ಒಂದು ಬಡಿತವನ್ನು ಆ ಹೆಂಗಸು ತನ್ನೊಂದಿಗೇ ಕೊಂಡೊಯ್ದಿದ್ದಳು. ಅದು ಹೇಗಿತ್ತೆಂದು ತೋರಿಸಿಯೂ ಹೋಗಿದ್ದಳು.

"ಎಣ್ಣೆ ಕಾದೈತೆ, ಕೈ ಬಿಡು" ಎಂದ ಲೋಹಿತ್.

"ಇರಿ" ಎಂದಳು ಸಿಂಚನಾ, ಬೆರಳನ್ನು ಇನ್ನಷ್ಟು ಒತ್ತಿ.